ಒಳ್ಳೆ, ಒಲ್ಲೆ

ಬೆಟಗೇರಿಯೊಳಗ ಗಟಾರ ಅಗಿಯುವಾಗ
ಸಲಿಕಿ ತುದಿಗೆ ತತ್ತಿ ಬಂದಾವು,
ಒಂದಕ್ಕೊಂದು ಅಂಟಿಕೊಂಡು ಹತ್ತೊಂಬತ್ತು.
ಮಣ್ಣು ಸಮೇತ ಉಪ್ಪಿನಕಾಯಿ ಡಬ್ಬಿಯೊಳಗ ತಂದೆ.
ಪಂಪ್‌ಸೆಟ್ ರಿಪೇರಿ ಅಂಗಡಿ ನಂದು,
ಫೋನು ಬರೂದು ಹೆಚ್ಚಿನಂಶ ಹಾವಿಂದು.

ಬ್ಯಾಸಗಿ ಮುಗಿಯೂದರೊಳಗ ಹದಿನಾಲ್ಕು ಒಡದಾವು.
ಪೆನ್ನಿನ ರೀಫಿಲ್‌ನಷ್ಟು ದಪ್ಪ,
ಮೈಮ್ಯಾಲೆ ಚೌಕಡಿ, ನಮ್ಮ ಓಣಿ ಮಗ್ಗದಾಗ ನೇಯ್ದಂಗ.
ನಾವು ನೀರಹಾವು ಅಂತೀವಿ. ಪುಸ್ತಕದಾಗ ಒಳ್ಳೆ.
ಒಳ್ಳೆ ಏನು ಬಂತು, ಬರೇ ಒಲ್ಲೆ!
ಮೊದಲ ಪೊರಿ ಬಿಟ್ಟಾವು, ನೀರು ಕುಡದಾವು,
ತಿನ್ನ್ರಿ ಅಂದರ ಮಾರಿ ತಿರುವ್ಯಾವು.

ಕೆರಿ ದಂಡಿಯಿಂದ ಕಪ್ಪಿಮರಿ ತಂದುಬಿಟ್ಟೆ.
ಒಂಬತ್ತು ಗಬಕ್ ಅಂದಾವು.
ಐದು, ಬೀಗರ ಮನಿಯಾಗ ಕುಂತ ಅಳಿಯನಂಗ
ಎಲೀ ನೋಡಿಕೋತ ಕುಂತಾವು.
ಬಾಜೂ ಮನಿ ಕರಬಸವ್ವ ಬಟ್ಟಲ ತುಂಬ ಹಾಲು ತಂದಳು.
‘ಹಾವು ಹಾಲು ಕುಡಿಯಂಗಿಲ್ಲ ಅತ್ತಿ, ಪಂಚಮಿಗೂ ಕುಡಿಯಂಗಿಲ್ಲ.’
‘ನಿನಗೇನ ಗೊತ್ತು’ ಅಂದಳು. ಇಟ್ಟು ಹೋದಳು.
ಬೆಕ್ಕು ಕುಡೀತು.

ಮೀನು ಬೇಕಿತ್ತು.
ಸೋಮವಾರ ಉಳ್ಳಾಗಡ್ಡಿಗೂ ರಜಾ ಇರೋ ಮನಿ ನಮ್ಮದು.
ಸಂತಿಯ ಆ ಕಡೆ ಮೂಲಿಗೆ ಹುಟ್ಟಿದಾಗಿಂದ ಹೋಗಿಲ್ಲ.
ಹುಲಿಗೆವ್ವ ಬಾರಕೇರ ತಕ್ಕಡಿ ಎತ್ತಿ ಕೇಳಿದಳು,
‘ಎಷ್ಟು ಕಿಲೋ?’
‘ಒಂದ ಮೀನು. ಸಣ್ಣದು.’
‘ಯಾರಿಗೆ?’
‘ಹುಡುಗೂರಿಗೆ’ ಅಂದೆ, ಆಮ್ಯಾಲೆ ಖರೇ ಹೇಳಿದೆ.
ನಕ್ಕಳು, ಪೊರಿ ಹತ್ತಿದ ಕೈಯಿಂದ ಬಾಯಿ ಮುಚ್ಚಿಕೊಂಡು.
‘ಎರಿಹುಳಕ್ಕ ಮೀನಿನ ಲೋಳಿ ಸವರು, ತಮ್ಮಾ.
ಮೋಸ ಮೂಗಿಗೆ ಮಾಡಬೇಕು,
ಹೊಟ್ಟಿ ತಾನ ನಂಬತೈತಿ.’
ರೊಕ್ಕ ಮುಟ್ಟಲಿಲ್ಲ.

ಅವ್ವ ಹಿತ್ತಲ ಬಾಗಿಲದಾಗ, ಸೆರಗು ಮೂಗಿಗೆ.
ನಾನು ಚಿಮಟದಾಗ ಹುಳ ಕುಣಿಸಿಕೋತ.
ನಾಲಿಗಿ ಹೊರಗ, ಒಳಗ. ಹೊರಗ, ಒಳಗ.
ಒಂದು ಹಿಡೀತು. ಮರುದಿನ ಮತ್ತೆರಡು.
‘ದೀಪಾ ಆರಸೋ, ಹಿಂಗ ಮಾರಿ ಮ್ಯಾಲೆ ಕುಂತರ
ಯಾರು ಉಣತಾರ’ ಅಂದಳು ಅವ್ವ.
ಆರಿಸಿದೆ. ನಾಲ್ಕನೇದೂ ಉಂಡಿತು.

ಏಳು ತಿಂಗಳಿಗೆ ಹುಟ್ಟಿದವ ನಾನು.
ಅರಳಿ ಬತ್ತಿ ಹಾಲಿನಾಗ ಅದ್ದಿ ಅದ್ದಿ
ಹನಿ ಹನಿ ಹಿಂಡಿದ್ದಳಂತ.
ಅದನ್ನ ಆಕಿ ಹೇಳಲಿಲ್ಲ ಅವತ್ತು,
ಕತ್ತಲದಾಗ ಸುಮ್ಮನ ನಿಂತಿದ್ದಳು.

ಉಳದದ್ದು ಒಂದು.
ಪತ್ತಾರ ಮೌನೇಶನ ತಕ್ಕಡಿಯೊಳಗ ತೂಗಿದೆ:
ಎರಡು ಗ್ರಾಂ, ಮ್ಯಾಲೆ ಎರಡು ಗುಲಗಂಜಿ.
‘ಕರಗಿಸೂದಿದ್ದರ ಹೇಳು’ ಅಂದ.
ಮರು ವಾರ ಮ್ಯಾಲಿನ ಗುಲಗಂಜಿ ಇರಲಿಲ್ಲ.
ಹುಳ, ಕಪ್ಪಿಮರಿ, ಮೀನಿನ ಬಾಲ,
ಬಾಲಕ್ಕ ಹುಳ ಕಟ್ಟಿ, ಹುಳಕ್ಕ ಬಾಲ ತಿಕ್ಕಿ.
ಉಂಹೂಂ.

ಮಳಿ ಬಿದ್ದ ಮರುದಿನ ಫಾರೆಸ್ಟ್ ಗಾರ್ಡ್ ಬಂದ,
ಕೆರಿ ದಂಡಿಗೆ ಹೋದಿವಿ.
‘ಎಲ್ಲಾ ತಿಂತಾವೇನು?’ ಪೆನ್ನು ತೆಗದು ಕೇಳಿದ.
ಹೂಂ ಅಂದೆ. ಹದಿನಾಲ್ಕು ಅಂತ ಬರಕೊಂಡ.
ಹದಿಮೂರು ಹುಲ್ಲಿನಾಗ ಹೊಕ್ಕಾವು.
ಅದೊಂದು ಅಂಗೈಮ್ಯಾಲೆ ತುಸು ತಡೀತು,
ಉಣ್ಣಲಿಕ್ಕಲ್ಲ, ಕಾವಿಗೆ.
ಆಮ್ಯಾಲೆ ನೀರಿನ ಮ್ಯಾಲೆ ಒಂದು ಗೀರು,
ಗೀರೂ ಇಲ್ಲ.

ರಾತ್ರಿ ಊಟಕ್ಕ ಕುಂತೆ.
ಮೂರು ಸಲ ತೊಳದರೂ ಹೆಬ್ಬಟ್ಟಿನಾಗ ಮೀನಿನ ನಾತ.
ಅವ್ವಗೂ ಬಡೀತು, ಮೂಗಿನ ಹೊರಳಿ ಅಲುಗಿತು.
ಏನೂ ಅನ್ನಲಿಲ್ಲ,
ಬಿಸಿ ರೊಟ್ಟಿ ಮ್ಯಾಲೆ ಇನ್ನೊಂದು ಹಾಕಿದಳು.
ಒಲ್ಲೆ ಅಂದೆ.