ಪೊಳ್ಳು

ಕೊಡಲಿಯ ಹಿಂಬದಿಯಿಂದ ಮರಕ್ಕೊಂದು ಗುದ್ದಿ
ಕಿವಿಗೊಟ್ಟು ನಿಲ್ಲುತ್ತಾನೆ ಜುಮೈದಿನ್ ಇವತ್ತಿಗೂ.
ಇಪ್ಪತ್ತೆರಡು ವರ್ಷ ಕಂಪನಿಯ ಗರಗಸ ಹಿಡಿದವನ ಚಾಳಿ.
ಟಣ್ಣೆಂದರೆ ತಿರುಳು ಗಟ್ಟಿ, ಬಿತ್ತು.
ಡೊಬ್ಬೆಂದರೆ ಪೊಳ್ಳು,
ಒಂದು ಕೆಂಪು ಗೀಟೆಳೆದು
ಮುಂದಿನ ಮರಕ್ಕೆ.

ಗಟ್ಟಿಯವೆಲ್ಲ ಕಿನಬತಾಂಗನ್ ನದಿಯಲ್ಲಿ
ತೆಪ್ಪವಾಗಿ ತೇಲಿದವು ಕಡಲಿಗೆ,
ಅಲ್ಲಿಂದ ಎಲ್ಲಿಗೋ. ಯಾರ ಮನೆಯ ಬಾಗಿಲಾದವೋ,
ಕಾಂಕ್ರೀಟು ಸುರಿಯುವ ಹಲಗೆಯಾಗಿ
ಎರಡೇ ಸಲಕ್ಕೆ ಮುಗಿದವೋ.

ತೂರುವಾಗ ಜೊಳ್ಳು ಹಾರಿ ಕಾಳು ಉಳಿಯಬೇಕು.
ಇಲ್ಲಿ ತೂರಿದವರು ಕಾಳನ್ನೇ ಹಾರಿಸಿ
ಜೊಳ್ಳು ಬಿಟ್ಟುಹೋದರು:

ನಾಲ್ಕು ಗುಡ್ಡಕ್ಕೆ ಹದಿನೇಳು ಸೆರಾಯಾ ಮರ.
ಡೊಂಕು, ಬಿರುಕು, ಹೊಟ್ಟೆಯ ತುಂಬ ಬಾವಲಿ,
ಒಂದರ ಬುಡದಲ್ಲಿ ಮುಳ್ಳುಹಂದಿಯ ಸಂಸಾರ.
ದಾರಿ ಗೊತ್ತಿದ್ದದ್ದು ಜುಮೈದಿನ್‌ಗೆ ಮಾತ್ರ.
ಅವನು ಬಿಟ್ಟುಬಂದವು ತಾನೆ.

ಅವನನ್ನು ನರ್ಸರಿಗೆ ಸೇರಿಸಿದ ದಿನ
ಮಸ್ನಾ ಮುಖ ತಿರುಗಿಸಿದಳು.
ಅವಳ ತಂದೆ ಜೇನು ಇಳಿಸುತ್ತಿದ್ದ ಮರ
ಉರುಳಿಸಿದ್ದು ಇವನ ಗುಂಪೇ.
ನಾನೇ ಅಂದೆ: ಬೀಜ ಬೇಕಲ್ಲ, ಅಕ್ಕಾ.

ಸೆರಾಯಾ ವರ್ಷವರ್ಷ ಬಿಡುವ ಮರವಲ್ಲ.
ಐದಕ್ಕೋ ಏಳಕ್ಕೋ, ಮನಸ್ಸು ಬಂದಾಗ
ಎಲ್ಲ ಒಟ್ಟಿಗೆ ಹೂವಾಗಿ
ರೆಕ್ಕೆಯ ಬೀಜ ಗಿರಗಿರ ಇಳಿಸುತ್ತವೆ.
ಡಬ್ಬಿಯಲ್ಲಿ ಕೂಡಿಡುವಂತಿಲ್ಲ,
ವಾರದೊಳಗೆ ಮೊಳೆಯಬೇಕು, ಇಲ್ಲ ಕೊಳೆಯಬೇಕು.
ಗಡ್ಡದ ಹಂದಿಗಳಿಗೂ ಗೊತ್ತು ಆ ಲೆಕ್ಕ.

ಆರು ವರ್ಷ ಬರಿಗೈ.
ದುಡ್ಡು ಕೊಡುವವರು ಬಂದು ಕೇಳಿದರು,
ಏನು ಮಾಡುತ್ತೀರಿ ನೀವೆಲ್ಲ?
ಬಳ್ಳಿ ಕಡಿದೆವು. ಲಾರಿ ತುಳಿದು
ಇಟ್ಟಿಗೆಯಾದ ಮಣ್ಣನ್ನು ಹಾರೆಯಿಂದ ಸಡಿಲಿಸಿದೆವು.
ಕಾದೆವು.
ವರದಿಯಲ್ಲಿ ಅದಕ್ಕೊಂದು ಕಲಮಿಲ್ಲ.

ಈ ಆಗಸ್ಟಿನಲ್ಲಿ, ಇನ್ನೂ ಬೆಳಕು ಹರಿದಿರಲಿಲ್ಲ,
ಬಾಗಿಲು ಬಡಿದ. ಮಾತಿಲ್ಲ.
ಟೋಪಿಯ ತುಂಬ ರೆಕ್ಕೆಗಳು.

ಹದಿನೇಳರಲ್ಲಿ ಹನ್ನೊಂದು ಬಿಟ್ಟಿದ್ದವು.
ಮೂರು ದಿನ ಯಾರೂ ಸರಿಯಾಗಿ ಮಲಗಲಿಲ್ಲ.
ಕಪ್ಪು ಚೀಲಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಮಸ್ನಾ ರೆಕ್ಕೆ ಮುರಿದು
ಬೀಜ ಮಲಗಿಸುತ್ತಿದ್ದಳು.
ಜುಮೈದಿನ್ ನೀರು ಹೊತ್ತು ತಂದವನು
ಅಲ್ಲೇ ನಿಂತ, ಬಕೆಟ್ಟು ಕೆಳಗಿಡದೆ.

ಇವೂ ಅಮ್ಮಂದಿರ ಹಾಗೇ
ಪೊಳ್ಳಾಗಿಬಿಟ್ಟರೆ? ಅಂದ,
ಯಾರನ್ನೂ ಕೇಳದ ಹಾಗೆ.

ಮಸ್ನಾ ತಲೆ ಎತ್ತಲಿಲ್ಲ.
ಆರು ವರ್ಷದಲ್ಲಿ ಅವನಿಗೆ ಆಡಿದ ಮೊದಲ ಮಾತು:
ಪೊಳ್ಳಾದರೆ ಬದುಕುತ್ತವೆ.
ಚೀಲ ಹಿಡಿ, ಈ ಕಡೆ.