ಐದನೆಯ ಹಗ್ಗ

ದೂರದಿಂದ ಹಗ್ಗ ಕಾಣುವುದಿಲ್ಲ,
ಹಗ್ಗಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲ ಕಾಣುತ್ತದೆ.
ಕೆಂಪಾದರೆ ಸರ್ಕಾರ.
ನೀಲಿಯಾದರೆ ಬಾಳೆತೋಟದ ಹುಡುಗರು.
ಚೀಲವೇ ಇಲ್ಲದಿದ್ದರೆ
ಗಾಡಿ ನಿಲ್ಲಿಸಬೇಕು, ಯಾರೆಂದು ಕೇಳಬಾರದು.

ಕಸೆರೆಕನದು ಚುಕುಡು. ಅಡಿಯಿಂದ ಮುಡಿಯವರೆಗೆ ಮರ.
ಎರಡು ಚಕ್ರ, ಕೋಡಿನಂಥ ಹಿಡಿ,
ಮಂಡಿಯೂರುವಲ್ಲಿ ಮೊಳೆ ಹೊಡೆದ ಹವಾಯಿ ಚಪ್ಪಲಿ.
ಆರು ಮೂಟೆ ಆಲೂಗಡ್ಡೆ ಹೇರಿ
ಮಾಸಿಸಿಯ ಇಳಿಜಾರಿನಲ್ಲಿ ಅವನು ಜಾರಿ ಬರುವಾಗ
ಮೇಯುವ ದನ ತಲೆಯೆತ್ತಿ ನೋಡುತ್ತವೆ,
ಮೋಡ ಕೂಡ ದಾರಿ ಬಿಡುತ್ತದೆ.
ಬಿಡದಿರುವುದು ಹಗ್ಗ ಮಾತ್ರ.

ಮೊದಲನೆಯದರಲ್ಲಿ ಪೊಲೀಸ. ಹನ್ನೊಂದು ತಿಂಗಳ ಸಂಬಳ ಬಾಕಿ.
"ರಾಜಧಾನಿ ಎಷ್ಟು ದೂರ ಗೊತ್ತಾ," ಅನ್ನುತ್ತಾನೆ,
"ಅಲ್ಲಿಂದ ಹೊರಟ ದುಡ್ಡಿಗೆ ಹಾದಿಯಲ್ಲೇ ವಯಸ್ಸಾಗುತ್ತದೆ."
ನಾಚಿಕೊಂಡೇ ಕೈ ಚಾಚುತ್ತಾನೆ.
ಎರಡನೆಯದರಲ್ಲಿ ನಾಚಿಕೆಯಿಲ್ಲ.
ಮೂರನೆಯದರಲ್ಲಿ ಹೊಸ ಬೂಟು, ಹೊಸ ವಾಕಿಟಾಕಿ,
ಗಡಿಯಾಚೆಯ ಬಿಸ್ಕತ್ತು ಪೊಟ್ಟಣ.
"ಅವರು ನಮ್ಮವರಲ್ಲ" ಎಂದಿತ್ತು ನೆರೆಯ ದೇಶ, ಬೆಳಗಿನ ವಾರ್ತೆಯಲ್ಲಿ.
ಬಾಳೆತೋಟದವರನ್ನು "ನಮ್ಮವರಲ್ಲ" ಎಂದಿತ್ತು ಈ ದೇಶ, ಸಂಜೆಯ ವಾರ್ತೆಯಲ್ಲಿ.
ಯಾರವರೂ ಅಲ್ಲದವರು
ಇಷ್ಟೊಂದು ಗುಂಡು ಎಲ್ಲಿಂದ ತಂದರು?
ಅರಸನ ಅಂಕೆಯಿಲ್ಲ, ದೆವ್ವದ ಕಾಟವಿಲ್ಲ ಅನ್ನುತ್ತೇವೆ ನಾವು.
ಅಲ್ಲಿ ಅಂಕೆ ತಪ್ಪಿದ ಮಾರನೆಯ ದಿನವೇ
ದೆವ್ವಗಳು ರಸೀತಿ ಪುಸ್ತಕ ಅಚ್ಚು ಹಾಕಿಸಿದವು.

ಹೌದು, ರಸೀತಿ ಕೊಡುತ್ತಾರೆ.
ಒಂದು ಹಗ್ಗದ್ದನ್ನು ಇನ್ನೊಂದರಲ್ಲಿ ತೋರಿಸಿದರೆ ಏಟು.
ಅದಕ್ಕೇ ಎಡ ಜೇಬು, ಬಲ ಜೇಬು, ಟೋಪಿಯ ಒಳಮಡಿಕೆ, ಕಾಲ್ಚೀಲ:
ಮೈಮೇಲೆ ಒಂದೊಂದು ಕಡೆ ಒಬ್ಬೊಬ್ಬರ ರಾಜ್ಯ.

ದಾರಿಯಲ್ಲಿ ಸಾಕೆ ಎಂಬ ಊರು.
ನನ್ನ ಭಾಷೆಯಲ್ಲಿ ಅದೊಂದು ಪ್ರಶ್ನೆ.
ಅಲ್ಲಿಯವರಿಗೆ ಬರೀ ಹೆಸರು,
ಸರೋವರದ ಅಂಚಿನಲ್ಲಿ ಮತ್ತೆ ಮತ್ತೆ ಖಾಲಿಯಾಗಿ
ಮತ್ತೆ ಮತ್ತೆ ಒಲೆ ಹೊತ್ತಿಸಿಕೊಂಡದ್ದು.

ಸಾಕೆ ದಾಟಿದರೆ ಐದನೆಯ ಹಗ್ಗ.
ಚೀಲವಿಲ್ಲ.
ಲಾವಾದ ಕರಿಕಲ್ಲಿನ ಮೇಲೆ ಕೂತಿದ್ದ ಹುಡುಗ ಎದ್ದು ನಿಂತ.
ಬಂದೂಕು ಅವನಿಗಿಂತ ವಯಸ್ಸಿನಲ್ಲಿ ದೊಡ್ಡದು.
ಕಟೆಂಬೊ.
ಐದನೆಯ ಗಂಡುಮಗುವಿಗೆ ಅವರಲ್ಲಿ ಇಡುವ ಹೆಸರು,
ಕೇರಿಗೆ ಹತ್ತು ಜನ ಕಟೆಂಬೊ.
ಇವನು ಮಾತ್ರ ಎರಡು ವರ್ಷದ ಹಿಂದೆ
ನೀರಿಗೆಂದು ಹೋದವನು. ಹಳದಿ ಕ್ಯಾನು
ಯಾರದೋ ಕೈಯಲ್ಲಿ ಮನೆಗೆ ಬಂದಿತ್ತು.

ಮರದಡಿ ಕಮಾಂಡರು ಹಲ್ಲುಕಡ್ಡಿ ಆಡಿಸುತ್ತಿದ್ದ.
"ಏನು ಸರಕು?" ಎಂದ ತಮ್ಮ.
"ಆಲೂಗಡ್ಡೆ," ಎಂದ ಅಣ್ಣ.
"ಸಾವಿರ ಫ್ರಾಂಕು."
"ಎಂಟುನೂರಿದೆ."
"ಸಾವಿರ."
ಚೌಕಾಸಿಯಿಲ್ಲದೆ ಬಿಟ್ಟರೆ ಮರದಡಿಯವನಿಗೆ ಅನುಮಾನ ಬಂದೀತೆಂದು
ಇಬ್ಬರಿಗೂ ಗೊತ್ತಿತ್ತು.
ಎರಡು ವರ್ಷದ ಮಾತನ್ನೆಲ್ಲ
ಇನ್ನೂರು ಫ್ರಾಂಕಿನೊಳಗೆ ಆಡಿ ಮುಗಿಸಿದರು.

ಅದೇ ಹೊತ್ತಿಗೆ ದೂರದ ಯಾವುದೋ ಹೋಟೆಲಿನಲ್ಲಿ
ಎರಡು ದೇಶದ ಮಂತ್ರಿಗಳು
ಹಗ್ಗ ಹರಿಯದಂತೆ, ಕೋಲು ಮುರಿಯದಂತೆ
ಜಂಟಿ ಹೇಳಿಕೆ ತಿದ್ದುತ್ತಿದ್ದರು.
ಹಗ್ಗ ಹರಿಯಲಿಲ್ಲ. ಅದು ನಿಜ.

ಗುರುವಾರ ರಾತ್ರಿ, ಗೋಮಾದಲ್ಲಿ ಮೂಟೆ ಇಳಿಸಿ
ಕಸೆರೆಕ ಕಾಲ್ಚೀಲ ಕಳಚಿದ.
ಬೆವರಿಗೆ ಅಂಟಿದ ಚೀಟಿ. ದುಂಡನೆಯ ಅಕ್ಷರ,
ತಾನೇ ಅವನ ಬೆರಳು ಹಿಡಿದು
ಅಂಗಳದ ಕರಿಬೂದಿಯಲ್ಲಿ ತೀಡಿಸಿದ್ದು.
ಗಾಡಿ ಒಂದು, ಮೂಟೆ ಆರು, ಸಾವಿರ ಸಂದಿದೆ.
ಕೆಳಗೆ, ಸಹಿ ಇರಬೇಕಾದ ಕಡೆ:
ಶನಿವಾರ ಬರಬೇಡ.

ಹೊರಗೆ ಶನಿವಾರದ ಸಂತೆಗೆ
ಹೆಂಗಸರು ಈಗಲೇ ಹುರುಳಿಕಾಯಿ ಆರಿಸುತ್ತಿದ್ದರು.
ಮೊದಲ ಹಗ್ಗದ ಪೊಲೀಸನಿಗೆ ಹೇಳಿದರೆ ಅಕ್ಷರ ಯಾರದೆಂದು ಕೇಳುತ್ತಾನೆ.
ಹೇಳದಿದ್ದರೆ ಈ ಹೆಂಗಸರು.
ದೀಪ ಆರಿತು. ಕರೆಂಟು ಅಲ್ಲಿ ಹೀಗೇ, ಹೇಳದೆ ಹೋಗುತ್ತದೆ.
ಕತ್ತಲಲ್ಲಿ ಅವನು ಕೂತಿದ್ದ,
ಯಾವ ಜೇಬೂ ಹೊಂದದ ಒಂದು ರಸೀತಿ
ಕೈಯಲ್ಲಿ ಹಿಡಿದು.