ಬಾರದವರ ಪಟ್ಟಿ

ಏಳೂವರೆಗೆ ಷಟರ್ ಎತ್ತಿ
ಮೇಜಿನ ಮೇಲಿನ ಮೆಕ್ಕೆಜೋಳದ ದೂಳು ಒರೆಸಿ
ಗುಂಡಿ ಒತ್ತಿದರೆ ಸಾಕು,
ತೂಕದ ಮನೆಯ ಈ ಪುಟ್ಟ ಪೆಟ್ಟಿಗೆ
ಕಣ್ಣುಜ್ಜಿಕೊಳ್ಳುವ ಮೊದಲೇ ಶುರು:

ಬ್ಲೂಟೂತ್ ಸಿಗಲಿಲ್ಲ.
ಧ್ವನಿಸೇವೆ ಸಿಗಲಿಲ್ಲ.
ಬೆರಳಚ್ಚು ಓದುವವನು ಇಲ್ಲ.
ಮೋಡೆಮ್ ನೋಡಿಕೊಳ್ಳುವವನು ಬಂದಿಲ್ಲ.

ಕಪ್ಪು ಪರದೆ, ಹಳದಿ ಅಕ್ಷರ,
ಒಂದರ ಬೆನ್ನಿಗೊಂದು,
ಓದಿ ಮುಗಿಸುವಷ್ಟರಲ್ಲಿ ಮಾಯ.

ಮೊದಲ ವಾರ ನನಗೆ ಕೈನಡುಕ.
ಹೊರಗೆ ಆವರಗೊಳ್ಳದ ಟ್ರ್ಯಾಕ್ಟರು,
ಅದರ ಹಿಂದೆ ಹನ್ನೊಂದು ಲಾರಿಗಳ ಹಾರ್ನು.
ಕೊಟ್ರೇಶನಿಗೆ ಫೋನು ಹಚ್ಚಿದೆ,
ಅವನು ಹರಿಹರದ ಸೇತುವೆ ಮೇಲೆ, ಬೈಕು ನಿಲ್ಲಿಸಿ:
"ತೂಕ ತೋರಿಸ್ತೈತೇನ್ರೀ?"
ತೋರಿಸ್ತಿದೆ.
"ಚೀಟಿ ಬರ್ತೈತೇನ್ರೀ?"
ಬರ್ತಿದೆ.
"ಮತ್ತೇನ್ರೀ! ಅವೆಲ್ಲ ಇದ್ರೆ ಇರ್ಲಿ ಅನ್ನೋವು.
ಇಲ್ದಿದ್ರೂ ನಡೀತೈತಿ. ಬಿಡ್ರಿ."

ಬಿಟ್ಟೆ.

ಯಾರೋ ಎಲ್ಲೋ ಕೂತು
ಎಲ್ಲ ಊರಿಗೂ ಒಂದೇ ಪಟ್ಟಿ ಬರೆದಿದ್ದಾರೆ.
ಹಾಡು ಕೇಳುವವರಿಗೆ ಹಾಡು, ಬೆರಳೊತ್ತುವವರಿಗೆ ಬೆರಳು.
ದಾವಣಗೆರೆಯ ಮಾರುಕಟ್ಟೆ ಅಂಗಳದಲ್ಲಿ
ಲಾರಿ ತೂಗುವ ಪೆಟ್ಟಿಗೆಗೆ ಕಿವಿ ಯಾಕೆ ಬೇಕೆಂದು
ಅವರಿಗೆ ಯಾರು ಹೇಳಬೇಕಿತ್ತು?

ನಮ್ಮ ಸೋದರತ್ತೆ ಗಿರಿಜವ್ವನೂ ಹೀಗೇ,
ಯಾರ ಮದುವೆಯಾದರೂ ಎಲೆ ಮುಂದೆ ಕೂತು
ಬಾರದವರನ್ನೇ ಎಣಿಸುವಾಕೆ.
ಮಲೇಬೆನ್ನೂರಿನವರು ಬರಲಿಲ್ಲ,
ಜಗಳೂರಿನ ಬೀಗರು ಮುಖ ಹಾಕಲಿಲ್ಲ.
ಹೋಳಿಗೆ ಮೇಲೆ ತುಪ್ಪ ಬೀಳುತ್ತಿತ್ತು,
ಎಣಿಕೆಯೂ ನಡೆದಿತ್ತು.
ನಾವು ಉಂಡು ಕೈ ತೊಳೆದು ಬರುತ್ತಿದ್ದೆವು.

ದೀಪಾವಳಿ ಮುಗಿದ ವಾರ, ಆವಕ ಜೋರು.
ಆ ದಿನ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿತ್ತಂತೆ:
ಸಮಯಸೇವೆ ಸಿಗಲಿಲ್ಲ.
ಅದೇ ಹಳದಿ. ಅದೇ ದನಿ.
ನಾನು ಚಹಾದ ಕೆನೆ ತೆಗೆಯುತ್ತಿದ್ದೆ.

ಮಧ್ಯಾಹ್ನಕ್ಕೆ ದಾದಾಪೀರ್ ಕಿಟಕಿಗೆ ಬಂದ,
ಚೀಟಿಯನ್ನು ಬಿಸಿಲಿಗೆ ಹಿಡಿದು:
"ಮೇಡಂ, ಇದು ಯಾವ ಕಾಲದ ಜೋಳ?"
ಒಂದನೇ ಜನವರಿ, ಸಾವಿರದ ಒಂಬೈನೂರಾ ಎಪ್ಪತ್ತು.
ಬೆಳಗಿನಿಂದ ಹರಿದ ನಲವತ್ಮೂರೂ ಚೀಟಿ
ಅದೇ ಒಂದು ದಿನದವು.
ಹಮಾಲಿ ಹಾಲೇಶಪ್ಪ ಟವೆಲ್ ಕೊಡವಿ ನಕ್ಕ:
"ಅವತ್ತು ನಾನು ಹುಟ್ಟೇ ಇರ್ಲಿಲ್ಲಲ್ರೀ,
ಚೀಲ ಹೊತ್ತೋರು ಯಾರು?"

ಗ್ರಾಂ ತಪ್ಪಿರಲಿಲ್ಲ. ಕಾಲವಷ್ಟೇ ತಪ್ಪಿತ್ತು.
ಕೆಂಪು ಪೆನ್ನು ಹಿಡಿದು ಗೋದಾಮು ಗೋದಾಮು ಅಲೆದೆ,
ನಲವತ್ತೆರಡು ಸಿಕ್ಕವು.
ಉಳಿದದ್ದು ಆಗಲೇ ಹಿರಿಯೂರು ದಾಟಿತ್ತು.
ನಾಮಕ್ಕಲ್‌ನ ಕೋಳಿಗಳು
ನನ್ನಪ್ಪ ಚಡ್ಡಿ ಹಾಕುತ್ತಿದ್ದ ಕಾಲದ ಜೋಳ
ಕುಕ್ಕಿ ಮುಗಿಸಿರಬೇಕು.

ಕೊಟ್ರೇಶ ಬಂದ. ಕೇಬಲ್ ಹಿಂದೆ ಇಲಿ ಕಡಿದದ್ದು ತೋರಿಸಿದ.
"ಅದು ಹೇಳಿತ್ತಲ್ರೀ," ಅಂದ ಮೆಲ್ಲಗೆ.
ಹೇಳಿತ್ತು, ಹೌದು.
ಬೇಡದ್ದನ್ನು ಹೇಳುವ ಅದೇ ದನಿಯಲ್ಲಿ
ಬೇಕಾದ್ದನ್ನೂ ಹೇಳಿತ್ತು.
ಬಿಡ್ರಿ ಅಂದವನು ನೀನೇ ಅನ್ನಬೇಕೆಂದಿದ್ದೆ,
ಅವನ ಮೊಣಕೈಯೆಲ್ಲ ದೂಳು. ಸುಮ್ಮನಾದೆ.

ಈಗ ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಹನ್ನೆರಡು ಹೆಸರು,
ಬಾರದಿದ್ದರೂ ಚಿಂತೆ ಇಲ್ಲದವರು.
ದಿನಾ ಬೆಳಗ್ಗೆ ಬೆರಳಿಟ್ಟು ತಾಳೆ ನೋಡುತ್ತೇನೆ,
ಹದಿಮೂರನೆಯದು ಇಣುಕಿದರೆ
ಮೊದಲ ಲಾರಿಯೂ ಕಾಯಬೇಕು.

ಏಳನೇ ಕ್ಲಾಸಿನಲ್ಲಿ ಅರ್ಧ ವರ್ಷಕ್ಕೇ ಶಾಲೆ ಬಿಟ್ಟಳು ನೀಲಗಂಗಾ.
ಹೆಸರು ಹೊಡೆದು ಹಾಕಲು ಮೇಷ್ಟ್ರಿಗೆ ಮನಸ್ಸಿಲ್ಲ,
ಮಾರ್ಚಿಯವರೆಗೂ ಕೂಗಿದರು,
ಇಡೀ ಕ್ಲಾಸು ಒಕ್ಕೊರಲಿನಲ್ಲಿ ಹೇಳುತ್ತಿದ್ದೆವು.

ಬ್ಲೂಟೂತ್ ಸಿಗಲಿಲ್ಲ.
ಇಲ್ಲ ಸಾರ್, ಅನ್ನುತ್ತೇನೆ,
ಚಹಾದ ಲೋಟ ಕೆಳಗಿಟ್ಟು.